ಎಂಟು ಸಾವಿರ ಸುತ್ತು

ಅಪ್ಪನ ಬಲಗೈ ತೋರುಬೆರಳಿನ ಒಳಬದಿಯಲ್ಲಿ, ಮೊದಲ ಗೆಣ್ಣಿನ ಹತ್ತಿರ, ಒಂದು ಗೀರು ಇತ್ತು. ಗಾಯದ ಗೀರಲ್ಲ. ತಾಮ್ರದ ತಂತಿ ವರ್ಷಾನುಗಟ್ಟಲೆ ಅದೇ ಜಾಗದಲ್ಲಿ ಜಾರಿ ಜಾರಿ ಚರ್ಮ ಸವೆದು, ಆಮೇಲೆ ಜಡ್ಡುಗಟ್ಟಿ, ಸಣ್ಣ ಕಾಲುವೆಯ ಹಾಗೆ ಆಗಿತ್ತು. ಚಿಕ್ಕಂದಿನಲ್ಲಿ ಸ್ಕೂಲಿಗೆ ಹೋಗುವಾಗ ನಾನು ಹಿಡಿದುಕೊಳ್ಳುತ್ತಿದ್ದದ್ದು ಆ ಬೆರಳನ್ನೇ. ನನ್ನ ಹೆಬ್ಬೆರಳಿನ ಉಗುರು ಆ ಗೀರಿನೊಳಗೆ ಅಳತೆ ಮಾಡಿದಂತೆ ಕೂರುತ್ತಿತ್ತು. ಎಲ್ಲ ಅಪ್ಪಂದಿರ ಬೆರಳಲ್ಲೂ ಹಾಗೊಂದು ಇರುತ್ತದೆ ಎಂದೇ ಬಹಳ ದಿನ ತಿಳಿದುಕೊಂಡಿದ್ದೆ.

ಅಪ್ಪ ಮೋಟಾರು ಸುತ್ತುವವನು. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಎಡಗಡೆಗೆ ತಗಡಿನ ಬಾಗಿಲಿನ ಒಂದು ಅಂಗಡಿ ಕಾಣುತ್ತದೆ. ಅದೇ ನಮ್ಮದು. ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋದರೆ ರೈತರು ಮೊಪೆಡ್ಡಿನ ಮುಂದೆ ಇಟ್ಟುಕೊಂಡು ತರುತ್ತಾರೆ. ಒಳಗಿನ ಕರಕಲು ತಂತಿಯನ್ನೆಲ್ಲ ಕಿತ್ತು ಬಿಸಾಡಿ, ಹೊಸ ತಂತಿ ಸುತ್ತಿ ಕೂರಿಸಿ, ವಾರ್ನಿಶ್ ಕುಡಿಸಿ, ತಗಡಿನ ಪೆಟ್ಟಿಗೆಯಲ್ಲಿ ನಾಲ್ಕು ದೊಡ್ಡ ಬಲ್ಬು ಹಾಕಿ ಅದರ ಕಾವಿನಲ್ಲಿ ಒಣಗಿಸಿ ಕೊಡಬೇಕು. ಬೇಸಿಗೆಯಲ್ಲಿ ವೋಲ್ಟೇಜು ಸಾಲದೆ ಮೋಟಾರುಗಳು ಸಾಲಾಗಿ ಸುಟ್ಟು ಬರುತ್ತಿದ್ದವು. ಅಂಗಡಿಯ ಮುಂದೆ ಆಸ್ಪತ್ರೆಯಂತೆ ಜನ ಕೂತಿರುತ್ತಿದ್ದರು.

ಬಂದವರೆಲ್ಲ ಮೊದಲು ಮಾಡುತ್ತಿದ್ದ ಕೆಲಸ ತಪ್ಪು ತಮ್ಮದಲ್ಲ ಎಂದು ಹೇಳುವುದು. "ನಾನ್ ಆಫ್ ಮಾಡ್ಬುಟ್ಟೇ ಓಗಿದ್ದೆ ಕಣಣ್ಣ, ನಮ್ಮ ತಮ್ಮ ಬಂದು ಅದುಮ್ಬುಟ್ಟವ್ನೆ" ಎಂದು ಒಬ್ಬ. "ನೀರೇ ಇರ್ನಿಲ್ಲ, ನಂಗೇನ್ ಗೊತ್ತು" ಎಂದು ಇನ್ನೊಬ್ಬ. ಅಪ್ಪ ಪೂರ್ತಿ ಕೇಳುತ್ತಲೂ ಇರಲಿಲ್ಲ, ತಡೆಯುತ್ತಲೂ ಇರಲಿಲ್ಲ. ಸ್ಪ್ಯಾನರ್ ತೆಗೆದುಕೊಂಡು ಕೂರುತ್ತಾ, "ಸುಟ್ಟೋದ್ದು ಸುಟ್ಟೋಯ್ತು. ಬಿಚ್ಚನ" ಎನ್ನುತ್ತಿದ್ದ. ಅಷ್ಟೇ. ಯಾರು ಸುಟ್ಟರು ಎಂದು ಅವನು ಯಾರನ್ನೂ ಕೇಳಿದ್ದು ನಾನು ನೋಡಿಲ್ಲ. ನನಗೆ ಅದು ಹೆಡ್ಡತನ ಅನ್ನಿಸುತ್ತಿತ್ತು. ಒಂದು ಸಲವಾದರೂ ಗದರಬಾರದೇ ಎಂದುಕೊಳ್ಳುತ್ತಿದ್ದೆ.

ಅವನ ಎರಡು ಅಭ್ಯಾಸ ಹೇಳಲೇಬೇಕು. ಒಂದು, ಸುತ್ತಿ ಮುಗಿಸಿದ ಮೋಟಾರನ್ನು ಓಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುವುದು. ಒಳಗಿನ ಬೇರಿಂಗಿನ ಸದ್ದೆಲ್ಲ ಆ ಕಬ್ಬಿಣದ ಕಡ್ಡಿ ಹತ್ತಿ ಕಿವಿಗೆ ಬರುತ್ತದೆ. ಇನ್ನೊಂದು, ಎಣಿಕೆ. ಸುತ್ತುವ ಕೈಮಿಷನ್ನಿಗೆ ಎಣಿಸುವ ಮೀಟರು ಇತ್ತು. ಅದರ ಮೇಲೆ ಅವನಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಬಾಯಲ್ಲೇ ಎಣಿಸುತ್ತಿದ್ದ, ಅದೂ ಕಣದಲ್ಲಿ ರಾಗಿ ಅಳೆಯುವವರ ಹಾಗೆ, ಒಂದು ಎನ್ನದೆ "ಲಾಭ" ಎಂದು ಶುರುಮಾಡಿ. ಲಾಭ, ಎರಡು, ಮೂರು. ನಾನು ಎಂಟು ವರ್ಷದವಳಿದ್ದಾಗ ಪಕ್ಕದಲ್ಲಿ ಕೂತು "ಲಾಭ, ಒಂದು, ಎರಡು" ಎಂದು ಎಣಿಸಿ ಒಬ್ಬರ ಮೋಟಾರಿನ ಸುರುಳಿಗಳಿಗೆಲ್ಲ ಒಂದೊಂದು ಸುತ್ತು ಹೆಚ್ಚಿಗೆ ಹಾಕಿಸಿದ್ದೆ. ಗೊತ್ತಾದ ಮೇಲೆ ಅಷ್ಟನ್ನೂ ಬಿಚ್ಚಿ ಮತ್ತೆ ಸುತ್ತಿದ. ಬೈಯಲಿಲ್ಲ.

ಅಂಗಡಿಗೆ ನಾನು ಹೋಗುತ್ತಿದ್ದದ್ದು ಆ ವಯಸ್ಸಿನವರೆಗೆ ಮಾತ್ರ. ಆಮೇಲೆ ಬಾಗಿಲಲ್ಲೇ ತಡೆಯುತ್ತಿದ್ದ. "ಈ ವಾಸ್ನೆ ನಿಂಗ್ ಬ್ಯಾಡ ಕಣಮ್ಮಿ, ಓಗು ಓದ್ಕೊ." ವಾರ್ನಿಶ್ಶಿನ ವಾಸನೆ ಅವನ ಅಂಗಿಯಲ್ಲಿ, ಕೂದಲಲ್ಲಿ, ಅವನು ಮಲಗುತ್ತಿದ್ದ ಚಾಪೆಯಲ್ಲಿ ಎಲ್ಲ ಕಡೆ ಇತ್ತು. ನಾನೊಬ್ಬಳಿಗೆ ಮಾತ್ರ ಬೇಡವಾಗಿತ್ತು.

ಅಪ್ಪನನ್ನು ನೆನೆದರೆ ಮೊದಲು ನೆನಪಾಗುವುದು ಅವನ ದಣಿವು. ಮಧ್ಯಾಹ್ನ ಬಂದು ಮುದ್ದೆ ಉಂಡು, ಕೈ ತೊಳೆದ ನೀರು ಒರೆಸಿಕೊಳ್ಳುವ ಮೊದಲೇ ಸಿಮೆಂಟು ನೆಲದ ಮೇಲೆ ಒರಗುತ್ತಿದ್ದ. ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಇದಕ್ಕೆ ಇನ್ನೊಂದು ಸೇರಿಕೊಂಡಿತು. ಕಾಫಿ ಕೊಟ್ಟರೆ "ಅರ್ಧ ಸಾಕು" ಎನ್ನುತ್ತಿದ್ದ. ತುಂಬಿದ ಲೋಟ ಕೊಟ್ಟರೆ ಮುಟ್ಟುತ್ತಲೇ ಇರಲಿಲ್ಲ. ಹೊಟ್ಟೆ ಉರಿ ಇರಬೇಕು ಎಂದುಕೊಂಡು ಅವ್ವ ಜೀರಿಗೆ ನೀರು ಕಾಯಿಸಿಡುತ್ತಿದ್ದಳು. ಅದಕ್ಕೂ ಅರ್ಧ ಸಾಕು ಎನ್ನುತ್ತಿದ್ದ.

ನಾನು ಓದಿದ್ದು ಚಾಮರಾಜನಗರದಲ್ಲಿ, ಬಿ.ಕಾಂ. ದಿನಾ ಬಸ್ಸಿನಲ್ಲಿ ಹೋಗಿ ಬಂದು ಮೂರು ವರ್ಷ ಕಳೆದೆ. ಆ ಮೂರು ವರ್ಷದಲ್ಲಿ ಕಲಿತದ್ದು ಎಷ್ಟೋ ಗೊತ್ತಿಲ್ಲ, ಉಳಿದದ್ದು ಒಂದೇ. ಕಾಲೇಜು ಡೇ ದಿನ ಮೈಸೂರಿನಿಂದ ಬಂದಿದ್ದ ಹುಡುಗಿಯೊಬ್ಬಳು ಎಲೆಕ್ಟ್ರಿಕ್ ಗಿಟಾರ್ ನುಡಿಸಿದಳು. ಆ ಸದ್ದು ನನ್ನ ಎದೆಗೂಡಿನೊಳಗೆ ಬಂದು ಕೂತಿತು. ಹಾಸ್ಟೆಲಿನ ಗೆಳತಿಯ ಹಳೆಯ ಮರದ ಗಿಟಾರಿನಲ್ಲಿ ನಾಲ್ಕು ಕಾರ್ಡು, ಅಂದರೆ ಸ್ವರಗಳ ನಾಲ್ಕು ಗುಂಪು, ಹಿಡಿಯುವುದನ್ನು ಕಲಿತುಕೊಂಡೆ. ಮನೆಯಲ್ಲಿ ಬಾಯಿಬಿಟ್ಟು ಗಿಟಾರ್ ಬೇಕು ಎಂದವಳಲ್ಲ. ಗೋಡೆಯ ಮೇಲೆ ಗಿಟಾರಿನ ಒಂದು ಚಿತ್ರ ಅಂಟಿಸಿದ್ದೆ, ಅಷ್ಟೇ. ಡಿಗ್ರಿ ಮುಗಿಯಿತು. ಕೆಲಸಕ್ಕಾಗಿ ಪರೀಕ್ಷೆ ಬರೆಯುವುದು, ಗಂಡಿನ ಕಡೆಯವರು ಬಂದರೆ ಸೀರೆ ಉಟ್ಟು ಕೂರುವುದು, ಎರಡರಲ್ಲೂ ಪಾಸಾಗದೆ ಒಂದು ವರ್ಷ ಹೋಯಿತು. ಅಪ್ಪನಿಗೂ ಸುಸ್ತು, ನನಗೂ ಸುಸ್ತು. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ದಾಟಿಕೊಂಡು ಓಡಾಡುತ್ತಿದ್ದೆವು.

ಆಗ ಆ ಪೆಟ್ಟಿಗೆ ಬಂತು. ಕೇರಳದ ಗಡಿಯ ಹತ್ತಿರದ ಮದ್ದೂರಿನ ಕಡೆ ಗುತ್ತಿಗೆಗೆ ಜಮೀನು ಹಿಡಿದು ಶುಂಠಿ ಬೆಳೆಯುತ್ತಿದ್ದ ಕೇರಳದವರೊಬ್ಬರು ಅಪ್ಪನ ಹಳೆಯ ಗಿರಾಕಿ. ಗುತ್ತಿಗೆ ಮುಗಿದು ಗಂಟುಮೂಟೆ ಕಟ್ಟುವಾಗ ಶೆಡ್ಡಿನ ಮೂಲೆಯಲ್ಲಿದ್ದ ಉದ್ದದ ರಟ್ಟಿನ ಪೆಟ್ಟಿಗೆಯನ್ನು ಅಂಗಡಿಗೆ ತಂದುಕೊಟ್ಟರು. ಅವತ್ತು ಅಪ್ಪ ಊಟಕ್ಕೆ ಬಾರದೆ ನಾನು ಡಬ್ಬಿ ಕೊಡಲು ಹೋಗಿದ್ದೆ. "ಮೋಳೆ, ಮಗಳೇ, ಇದು ನಿನಗೆ. ನಿನ್ನ ಗೋಡೆ ಮೇಲೆ ಇದರ ಚಿತ್ರ ಇದೆ ಅಂತ ಅಪ್ಪ ಹೇಳಿದರು. ನನ್ನ ಮಗ ತರಿಸಿದ್ದು. ತೆಗೆದ, ನೋಡಿದ, ಹೆದರಿದ, ಮುಚ್ಚಿದ" ಎಂದು ಅವರು ನಕ್ಕರು. ಒಳಗೆ ಬಣ್ಣ ಬಳಿಯದ ಮರದ ಒಂದು ಒಡಲು, ಉದ್ದನೆಯ ಕತ್ತು, ತಂತಿ ಬಿಗಿಯುವ ಆರು ಕೀಲಿ, ಸ್ಕ್ರೂಗಳು, ಬಣ್ಣಬಣ್ಣದ ವೈರು, ಒಂದು ಹಾಳೆಯ ತುಂಬ ಚಿತ್ರ. ಬಿಡಿಬಿಡಿಯಾಗಿ ಬರುವ, ಮನೆಯಲ್ಲೇ ಜೋಡಿಸಿಕೊಳ್ಳುವ ಗಿಟಾರ್.

ನನ್ನ ಗೋಡೆಯ ಚಿತ್ರವನ್ನು ಅಪ್ಪ ನೋಡಿದ್ದ ಎಂದು ನನಗೆ ಗೊತ್ತಾದದ್ದು ಆ ದಿನ. ಪೆಟ್ಟಿಗೆಯನ್ನು ಸುಮ್ಮನೆ ದಿಟ್ಟಿಸಿ, "ನನ್ನಂಗ್ಡಿಗೆ ಬಿಚ್ಚೇ ಬಂದಿರೋದು ಇದೊಂದೇ. ಕೂಡ್ಸನ ಬಾ" ಎಂದ. ಹದಿನಾಲ್ಕು ವರ್ಷದ ಮೇಲೆ ನನ್ನನ್ನು ಒಳಗೆ ಕರೆದಿದ್ದ.

ಭಾನುವಾರ ಮಧ್ಯಾಹ್ನಗಳಲ್ಲಿ ಕೆಲಸ ನಡೆಯಿತು. ಚಿತ್ರದ ಹಾಳೆಯನ್ನು ಅಪ್ಪ ಮಡಚಿ ಜೇಬಿಗಿಟ್ಟುಕೊಂಡವನು ಮತ್ತೆ ತೆಗೆಯಲಿಲ್ಲ. ಹೊಸ ಕೀಲಿಗಳನ್ನೆಲ್ಲ ಬಿಚ್ಚಿ ಬೇರಿಂಗಿನ ಗ್ರೀಸು ತುಂಬಿದ. ಕತ್ತು ಒಡಲಿಗೆ ಕೂರುವ ಜಾಗ ಕೂದಲೆಳೆಯಷ್ಟು ಬಿಗಿ ಇತ್ತು, ನನ್ನ ಕೈಯಲ್ಲಿ ಉಜ್ಜುಕಾಗದ ಕೊಟ್ಟು ಎರಡು ವಾರ ಉಜ್ಜಿಸಿದ. ನನಗೆ ಕಪ್ಪು ಬಣ್ಣ ಬೇಕಿತ್ತು. ಅಂಗಡಿಯಲ್ಲಿದ್ದದ್ದು ಮೋಟಾರಿಗೆ ಬಳಿಯುವ ಹಸಿರು. "ಕಪ್ಪು ಬಳುದ್ರೆ ಸುಟ್ಟೋಗಿರೋ ಅಂಗೆ ಕಾಣ್ತದೆ" ಎಂದು ಅದನ್ನೇ ಬಳಿದ. ಇವತ್ತಿಗೂ ನನ್ನ ಗಿಟಾರ್ ನೋಡಿದ ರೈತರು ಅದರಲ್ಲಿ ನೀರು ಬರುತ್ತದಾ ಎಂದು ಕೇಳುತ್ತಾರೆ.

ಗಿಟಾರಿನ ಜೀವ ಇರುವುದು ತಂತಿಯ ಕೆಳಗೆ ಕೂರುವ ಸುರುಳಿಯಲ್ಲಿ. ಸಣ್ಣ ಸಣ್ಣ ಆಯಸ್ಕಾಂತದ ಕಡ್ಡಿಗಳು, ಅದರ ಸುತ್ತ ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಅಲುಗಿದರೆ ಕೆಳಗಿನ ಸುರುಳಿಯಲ್ಲಿ ಕರೆಂಟು ಹುಟ್ಟಿ ಸದ್ದಾಗುತ್ತದೆ. ಅಪ್ಪ ಇದನ್ನು ನೋಡಿ ಮೊದಲ ಸಲ ಮುಖ ಅರಳಿಸಿದ. "ಅಯ್ಯೋ, ಇದು ನಮ್ಮೋನೇ ಕಣಮ್ಮಿ." ಪೆಟ್ಟಿಗೆಯಲ್ಲಿ ಅಂಥವು ಎರಡು ಇದ್ದವು. ಒಂದನ್ನು ಶುಂಠಿ ಶೆಡ್ಡಿನ ಇಲಿ ಕಡಿದು ಹಾಕಿತ್ತು. ಇನ್ನೊಂದು ಚೆನ್ನಾಗಿತ್ತು, ಅದೊಂದೇ ಸಾಕು ಎಂದು ನಾನು ಫೋನಿನಲ್ಲಿ ನೋಡಿ ಹೇಳಿದೆ.

ಮುಂದಿನ ಭಾನುವಾರ ಹೋದಾಗ ಆ ಚೆನ್ನಾಗಿದ್ದದ್ದು ಮೇಜಿನ ಮೇಲೆ ಬತ್ತಿದ ನೆಲ್ಲಿಕಾಯಿಯಂತೆ ಮುದುಡಿ ಕೂತಿತ್ತು. ಅಪ್ಪ ಅದಕ್ಕೆ ವಾರ್ನಿಶ್ ಕುಡಿಸಿ ಬಲ್ಬಿನ ಪೆಟ್ಟಿಗೆಯಲ್ಲಿ ಇಡೀ ದಿನ ಇಟ್ಟಿದ್ದ. ಪ್ಲಾಸ್ಟಿಕ್ ಕರಗಿ ತಂತಿಯೆಲ್ಲ ಒಂದಕ್ಕೊಂದು ಅಂಟಿತ್ತು. ಮೂವತ್ತು ವರ್ಷ ಕಬ್ಬಿಣದ ಮೋಟಾರುಗಳನ್ನೇ ನೋಡಿದವನಿಗೆ ಸುರುಳಿ ಎಂದ ಮೇಲೆ ವಾರ್ನಿಶ್ ಕುಡಿಯಬೇಕು, ಕಾವು ತಿನ್ನಬೇಕು. "ಗಟ್ಟಿ ಆಗ್ಲಿ ಅಂತ ಮಾಡ್ದೆ ಕಣಮ್ಮಿ" ಎಂದ.

ಅದೇ ವಾರ ಬಸ್ಸಿನಲ್ಲಿ ಹರದನಹಳ್ಳಿಯ ಇಬ್ಬರು ನನ್ನ ಮುಂದಿನ ಸೀಟಿನಲ್ಲಿ ಕೂತು ಮಾತಾಡಿದ್ದರು. "ಗುಂಡ್ಲುಪೇಟೆ ಅಣ್ಣ ಸುತ್ತಿದ್ದು ಈಗ ನಿಲ್ತಾ ಇಲ್ಲ ಕಣ್ಲಾ. ಕೈ ಕೆಟ್ಟೋಯ್ತು ಅವ್ನುದು. ಚಾಮ್ರಾಜ್‌ನಗ್ರಕ್ಕೇ ಹಾಕ್ಬುಡು." ಅಪ್ಪ ಸುತ್ತಿದ ಮೋಟಾರುಗಳು ತಿಂಗಳೊಳಗೆ ವಾಪಸು ಬರುತ್ತಿದ್ದವು ಎಂಬುದು ಆಗಲೇ ಊರಿಗೆಲ್ಲ ಗೊತ್ತಿತ್ತು. ಆ ಮಾತು ನನ್ನ ಹೊಟ್ಟೆಯಲ್ಲಿ ಕೂತಿತ್ತು. ಮುದುಡಿದ ಸುರುಳಿ ನೋಡಿದ ಕೂಡಲೇ ಹೊರಗೆ ಬಂತು.

"ಊರೋರ ಮೋಟ್ರೆಲ್ಲ ಸುಟ್ಟಿದ್ದು ಸಾಲ್ದೇನಪ್ಪ? ಇದೂ ನಿನ್ ಕೈಲೇ ಸುಡ್ಬೇಕಾಗಿತ್ತಾ?"

ಅಪ್ಪ ಸ್ಟೂಲು ಎಳೆದುಕೊಂಡು ಕೂತ. ಕರಗಿದ್ದನ್ನು ಎತ್ತಿ, ಆಯಸ್ಕಾಂತದ ಕಡ್ಡಿಗಳನ್ನು ಒಂದೊಂದಾಗಿ ಬಿಡಿಸಿ, ಬಟ್ಟೆಯಲ್ಲಿ ಒರೆಸಿ ಸಾಲಾಗಿ ಜೋಡಿಸಿಟ್ಟ. ನಾನು ಬಾಗಿಲು ಎಳೆದುಕೊಂಡು ಮನೆಗೆ ಬಂದೆ. ಆ ಮಾತು ಆಡಬಾರದಿತ್ತು ಎಂದು ತಿರುವು ದಾಟುವ ಮೊದಲೇ ಅನ್ನಿಸಿತು. ಆದರೂ ವಾಪಸು ಹೋಗಲಿಲ್ಲ. ನನ್ನ ಸ್ವಭಾವವೇ ಅಂಥದ್ದು.

ಹತ್ತು ದಿನ ಇಬ್ಬರೂ ಗಿಟಾರಿನ ಸುದ್ದಿ ಎತ್ತಲಿಲ್ಲ. ಆಮೇಲೆ ಅಪ್ಪ ಮೈಸೂರಿಗೆ ಹೋಗಿ ಒಂದು ಉರುಳೆ ತಂತಿ ತಂದ. ಅಷ್ಟು ಸಣ್ಣ ತಂತಿಯನ್ನು ನಾನು ನೋಡಿರಲಿಲ್ಲ, ನನ್ನ ತಲೆಕೂದಲೇ ಅದಕ್ಕಿಂತ ದಪ್ಪ. ಮೋಟಾರಿನೊಳಗೆ ಹಾಸುವ ಗಟ್ಟಿ ಕಾಗದವನ್ನು ಕತ್ತರಿಸಿ, ಆಯಸ್ಕಾಂತಗಳನ್ನು ಕೂರಿಸಿ, ತಾನೇ ಒಂದು ಅಚ್ಚು ಮಾಡಿದ್ದ. "ಎಷ್ಟು ಸುತ್ತು ಬೇಕು, ನಿನ್ ಫೋನಲ್ಲಿ ನೋಡೇಳು" ಎಂದ. ನೋಡಿದೆ. ಎಂಟು ಸಾವಿರ. ಮೋಟಾರಿನ ಒಂದು ಸುರುಳಿಗೆ ನೂರು ಸುತ್ತೂ ಇರುವುದಿಲ್ಲ. ಅಪ್ಪ ಉಸಿರು ಬಿಟ್ಟು, "ಹುಣ್ಸೆಬೀಜ ತಗಬಾ" ಎಂದ. ನೂರು ಸುತ್ತಿಗೆ ಒಂದು ಬೀಜದಂತೆ ಎಂಬತ್ತು ಬೀಜ ಎಣಿಸಿ ಒಂದು ತಟ್ಟೆಗೆ ಹಾಕಿದೆವು. ಆದ ನೂರಕ್ಕೆಲ್ಲ ಒಂದು ಬೀಜ ಇನ್ನೊಂದು ತಟ್ಟೆಗೆ.

ಮೂರನೆಯ ಬೀಜಕ್ಕೆ ತಂತಿ ಹರಿಯಿತು. ಅಪ್ಪ ಫ್ಯಾನಿನ ಗಾಳಿ ಎಂದ. ಫ್ಯಾನು ನಿಲ್ಲಿಸಿದೆ. ಬಿಚ್ಚಿ ಮತ್ತೆ ಲಾಭದಿಂದ ಶುರು. ಹನ್ನೊಂದನೆಯ ಬೀಜಕ್ಕೆ ಹರಿಯಿತು. ಬೆಳಕು ಸಾಲದು ಎಂದ. ಮೇಜನ್ನು ಬಾಗಿಲಿಗೆ ಎಳೆದೆ. ಐದನೆಯ ಬೀಜಕ್ಕೆ ಹರಿಯಿತು. ಈ ಸಲ ಅವನು ಕಾರಣ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಬಾಗಿಲಿನ ಬೆಳಕಿನಲ್ಲಿ ಅವನ ಬಲಗೈ ನನಗೆ ಕಾಣುತ್ತಿತ್ತು. ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿ ಉಜ್ಜುತ್ತಿತ್ತು, ಯಾರೋ ಒಳಗಿನಿಂದ ಅಲುಗಿಸುತ್ತಿರುವಂತೆ. ಅವನು ಅದನ್ನು ಎಡಗೈಯಲ್ಲಿ ಅದುಮಿ ಹಿಡಿದ.

"ನಿಲ್ತಾ ಇಲ್ಲ ಕಣಮ್ಮಿ. ಒಂದೊರ್ಸದ್ ಮೇಲಾಯ್ತು. ನಿಮ್ಮವ್ವಂಗೂ ಏಳಿಲ್ಲ."

ಅರ್ಧ ಲೋಟದ ಕಾಫಿ ನನಗೆ ಅರ್ಥವಾದದ್ದು ಆಗ. ತುಂಬಿದ ಲೋಟ ಎತ್ತಿದರೆ ಚೆಲ್ಲುತ್ತದೆ, ಚೆಲ್ಲಿದರೆ ಗೊತ್ತಾಗುತ್ತದೆ. ಒಂದು ವರ್ಷ ನಮ್ಮೆದುರಿಗೇ ಕೂತು ಅವನು ಇದನ್ನು ಬಚ್ಚಿಟ್ಟಿದ್ದ, ನಾನು ಅವನ ಎದುರಿಗೇ ಕೂತು ಫೋನು ನೋಡುತ್ತಿದ್ದೆ. ನನಗೆ ನಾಚಿಕೆಯಾಯಿತು. ಅತ್ತುಬಿಡಬೇಕು ಅನ್ನಿಸಿತು, ಅಳಲಿಲ್ಲ. ಅವನು ನನ್ನ ಕೈ ನೋಡುತ್ತಿದ್ದ.

"ನೀನ್ ಇಡ್ಕೊ" ಎಂದ. "ನಾನ್ ತಿರುಗುಸ್ತೀನಿ. ಎಡಗೈ ಇನ್ನೂ ನೆಟ್ಟಗದೆ."

ತಂತಿಯನ್ನು ನನ್ನ ಬೆರಳುಗಳ ನಡುವೆ ಇಟ್ಟು, ತನ್ನ ಗೀರು ಇರುವ ಜಾಗದಲ್ಲೇ ನನ್ನದರಲ್ಲೂ ತೋರಿಸಿದ. "ಎಳೀಬ್ಯಾಡ. ಬುಡ್ಲೂಬ್ಯಾಡ. ಅದು ಓಯ್ತಾ ಇರ್ಲಿ, ನಿಂಗ್ ಗೊತ್ತಾಯ್ತಾ ಇರ್ಲಿ, ಅಷ್ಟೇಯ." ಆಮೇಲೆ ಎಡಗೈಯಿಂದ ಹಿಡಿ ತಿರುಗಿಸತೊಡಗಿದ. ಲಾಭ, ಎರಡು, ಮೂರು. ಮೊದಲ ಸಾವಿರದಲ್ಲಿ ಎರಡು ಸಲ ಹರಿಸಿದೆ. ಅವನು ಬಿಚ್ಚಿದ, ಮತ್ತೆ ಲಾಭ ಎಂದ. ಮೂರನೆಯ ಸಲ ಬೀಜಗಳು ಹೋಗುತ್ತಲೇ ಇದ್ದವು. ಹತ್ತು. ಇಪ್ಪತ್ತು. ಭುಜ ಸೆಳೆಯಿತು, ಕಣ್ಣು ಉರಿಯಿತು, ಅವನ ದನಿಯೂ ಒಣಗಿತು. ನಿಲ್ಲಿಸುವಂತಿರಲಿಲ್ಲ.

ನಲವತ್ತೆರಡನೆಯ ಬೀಜದ ಹೊತ್ತಿಗೆ ಕುದೇರಿನವರೊಬ್ಬರು ಮೊಪೆಡ್ಡಿನಲ್ಲಿ ಮೋಟಾರು ತಂದು ಇಳಿಸಿದರು. ಐವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಟವೆಲು. ಅಪ್ಪ ತಲೆ ಎತ್ತಲಿಲ್ಲ. ಗಿರಾಕಿ ಬಂದರೆ ಉಣ್ಣುವ ತಟ್ಟೆ ಬಿಟ್ಟು ಏಳುತ್ತಿದ್ದವನು, ಅವತ್ತು ಎಣಿಕೆ ಬಿಡಲಿಲ್ಲ. ನೂರು ಮುಗಿದ ಮೇಲೆ, "ಕೂತ್ಕಳಣ್ಣ. ನೂರಾಯ್ತು ಅಂದಾಗ್ಲೆಲ್ಲ ಒಂದ್ ಬೀಜ ಆ ಕಡೀಕ್ ಹಾಕು" ಎಂದ. ಅವರು ಪಾಪ, ಏನು ಎತ್ತ ಕೇಳದೆ ಕೂತರು. ಹತ್ತು ಬೀಜ ಹಾಕಿದ ಮೇಲೆ ತಡೆಯಲಾಗಲಿಲ್ಲ.

"ಏನಣ್ಣ ಇದು, ಕೂದ್ಲು ಸುತ್ತಾ ಇದ್ದೀರಾ?"

"ಗಿಟಾರು."

"ಎಷ್ಟು ಎಚ್.ಪಿ.?"

"ಗೊತ್ತಿಲ್ಲ. ಓಡುದ್ಮೇಲೆ ನೋಡನ" ಎಂದು ಅಪ್ಪ ನಗದೆ ಹೇಳಿದ. ನನಗೆ ನಗು ಬಂದು ಬೆರಳು ಸಡಿಲವಾಯಿತು. ತಂತಿ ತಪ್ಪಿಸಿಕೊಳ್ಳುವಷ್ಟರಲ್ಲಿ ಹಿಡಿದೆ.

ಐವತ್ತೆಂಟನೆಯ ಬೀಜ ಹಾಕುತ್ತಾ ಕುದೇರಿನವರು ಮೆಲ್ಲಗೆ ಬಂದ ವಿಷಯ ತೆಗೆದರು. "ಓದ್ ತಿಂಗ್ಳು ನೀನೇ ಸುತ್ತಿದ್ದು ಅಣ್ಣ ಆ ಮೋಟ್ರು. ಇಪ್ಪತ್ ದಿನಕ್ಕೇ ಓಯ್ತು. ನಾನೇನೂ ಮಾಡ್ಲಿಲ್ಲ ಕಣಪ್ಪ, ನನ್ನಾಣೆ." ಎಲ್ಲರೂ ಹೇಳುವ ಅದೇ ಮಾತು. ಅಪ್ಪ ಅದೇ ಉತ್ತರ ಹೇಳುತ್ತಾನೆ ಎಂದುಕೊಂಡೆ. ಅವನು ಹಿಡಿ ತಿರುಗಿಸುವುದನ್ನು ನಿಲ್ಲಿಸಿದ.

"ನೀನೇನೂ ಮಾಡಿಲ್ಲ. ಸುಟ್ಟಿದ್ದು ನಾನು. ಕೈ ನಡುಗ್ತದೆ, ತಂತಿ ಮೇಲಿರೋ ಲೇಪ ಗೀಚ್ಕತದೆ, ಒಳಗೇ ಶಾರ್ಟ್ ಆಯ್ತದೆ. ಗೊತ್ತಿದ್ದೂ ಸುತ್ತಿ ಕೊಟ್ಟೆ. ಈ ಸಲ ನನ್ ಮಗ್ಳು ಸುತ್ತುತಾಳೆ."

ಕುದೇರಿನವರು ನನ್ನನ್ನು ನೋಡಿದರು, ತಟ್ಟೆಯ ಬೀಜ ನೋಡಿದರು. "ಎಣ್ಮಗ ಸುತ್ತದಾ?"

"ಎದ್ರುಗೇ ಕೂತಿದ್ದೀಯಲ್ಲ, ನೋಡು" ಎಂದು ಅಪ್ಪ ಮತ್ತೆ ಎಣಿಸತೊಡಗಿದ.

ನನ್ನನ್ನು ಯಾರೂ ಕೇಳಲಿಲ್ಲ. ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಅವತ್ತು ಬಾಯಿ ತೆರೆದರೆ ತಂತಿ ಹರಿಯುತ್ತಿತ್ತು. ಸುಮ್ಮನೆ ಹಿಡಿದುಕೊಂಡೆ. ಎಂಬತ್ತನೆಯ ಬೀಜ ಆ ಕಡೆಯ ತಟ್ಟೆಗೆ ಬಿದ್ದಾಗ ಬಿಸಿಲು ಇಳಿದಿತ್ತು. ತಂತಿಯ ಎರಡು ತುದಿಗೆ ಕರೆಂಟಿನ ಮೀಟರು ಮುಟ್ಟಿಸಿದರೆ ಮುಳ್ಳು ಅಲುಗಿತು, ಸುರುಳಿ ಎಲ್ಲೂ ಹರಿದಿರಲಿಲ್ಲ. ಕುದೇರಿನವರು ಟವೆಲಿನಲ್ಲಿ ಮುಖ ಒರೆಸಿಕೊಂಡು, ತಾವೇ ಸುತ್ತಿದವರ ಹಾಗೆ ಉಸ್ಸಪ್ಪ ಎಂದರು. ಮೋಟಾರು ಬಿಟ್ಟುಹೋದರು.

ಗಿಟಾರ್ ಕೂಡಿಸಿ ತಂತಿ ಬಿಗಿದ ದಿನ ಅಪ್ಪ ಮೊದಲು ಮಾಡಿದ್ದು ತನ್ನ ಅಭ್ಯಾಸದ ಕೆಲಸವನ್ನೇ. ಸ್ಕ್ರೂಡ್ರೈವರನ್ನು ಹಸಿರು ಮೈಗೆ ಊರಿ ಕಿವಿಗೆ ಒತ್ತಿಕೊಂಡ. "ಬಾರ್ಸು" ಎಂದ. ಬಾರಿಸಿದೆ. ತುಂಬ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದ. ಆಮೇಲೆ ಮೈಕ್‌ಸೆಟ್ಟಿನವರಿಂದ ತಂದಿದ್ದ ಸ್ಪೀಕರ್ ಪೆಟ್ಟಿಗೆಗೆ ಜೋಡಿಸಿದೆವು. ಗುಂಯ್ ಎಂದು ಅಂಗಡಿಯೆಲ್ಲ ತುಂಬಿತು. "ಅರ್ತಿಂಗ್ ಕೊಟ್ಟಿಲ್ಲ" ಎಂದು ಅವನೇ ಒಂದು ವೈರು ಎಳೆದು ತಂತಿಗಳ ಬುಡಕ್ಕೆ ಬೆಸೆಯಲು ಹೇಳಿದ. ಗುಂಯ್ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ನನಗೆ ಬರುವ ನಾಲ್ಕು ಕಾರ್ಡನ್ನು ಮುರಿದು ಮುರಿದು ನುಡಿಸಿದೆ. ಅಪ್ಪ ಗೋಡೆಗೆ ಒರಗಿ ಕೇಳಿ, "ಇಷ್ಟಕ್ಕೇನಾ ಅಷ್ಟೆಲ್ಲ?" ಎಂದ. ಅವನ ಮುಖ ಮಾತ್ರ ಬೇರೆ ಹೇಳುತ್ತಿತ್ತು.

ಚಾಮರಾಜನಗರದ ದೊಡ್ಡಾಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು. ಹಾಳೆ, ಪೆನ್ನು ಕೊಟ್ಟು ಒಳಗಿನಿಂದ ಹೊರಕ್ಕೆ ಒಂದು ಸುರುಳಿ ಬರೆಯಿರಿ ಎಂದರು. ಕೈ ನಡುಗುವ ಕಾಯಿಲೆಯನ್ನು ಹಾಗೆ ಪರೀಕ್ಷಿಸಿ ನೋಡುತ್ತಾರಂತೆ. ಮೂವತ್ತು ವರ್ಷ ಸುರುಳಿ ಸುತ್ತಿದವನು ನಾಲ್ಕು ಸುತ್ತು ಬರೆಯಲು ಒದ್ದಾಡಿದ. ಗೆರೆ ಗೆರೆಯ ಮೇಲೆ ಹತ್ತಿ ಇಳಿಯಿತು. ಹಾಳೆಯನ್ನು ತಿರುಗಿಸಿ ಕೊಡುತ್ತಾ, "ಇದು ಸುಟ್ಟೋಯ್ತದೆ ಸಾ" ಎಂದ. ಡಾಕ್ಟರಿಗೆ ಅರ್ಥವಾಗಲಿಲ್ಲ. ಗುಣವಾಗುವ ಕಾಯಿಲೆ ಅಲ್ಲ, ಮಾತ್ರೆಯಿಂದ ಹಿಡಿತದಲ್ಲಿ ಇಡಬಹುದು ಎಂದರು. ವಾಪಸು ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಕೂತು ನಿದ್ದೆ ಮಾಡಿದ. ನಾನು ಅವನ ಕೈಯನ್ನು ನನ್ನ ಚೀಲದ ಕೆಳಗೆ ಹಿಡಿದುಕೊಂಡಿದ್ದೆ.

ಕುದೇರಿನವರ ಮೋಟಾರು ನಾನು ಸುತ್ತಿದ ಮೊದಲನೆಯದು. ಅದು ನಿಂತಿತು, ಸುಟ್ಟು ವಾಪಸು ಬರಲಿಲ್ಲ. ಅದಾದ ಮೇಲೆ ಬಂದವುಗಳಲ್ಲಿ ಕೆಲವು ನಿಲ್ಲಲಿಲ್ಲ, ಅಪ್ಪ ಸ್ಟೂಲಿನ ಮೇಲೆ ಕೂತು ಎಲ್ಲಿ ತಪ್ಪಿದೆ ಎಂದು ಹೇಳುತ್ತಿದ್ದ, ನಾನು ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ಗಂಡಿನ ಕಡೆಯವರು ಬರುವುದು ನಿಂತಿತು. ಒಬ್ಬರು ಬಂದವರು ನನ್ನ ಕೈ ವಾಸನೆ ನೋಡಿ ಹೋದರು. ಅವ್ವ ಒಂದಷ್ಟು ದಿನ ಅತ್ತಳು, ಆಮೇಲೆ ಅಂಗಡಿಗೆ ಎರಡು ಡಬ್ಬಿ ಕಳಿಸತೊಡಗಿದಳು. ಮಧ್ಯಾಹ್ನ ಕರೆಂಟು ಹೋದಾಗ ಸ್ಪೀಕರಿಗೆ ಸಿಕ್ಕಿಸದೆಯೇ ಗಿಟಾರ್ ನುಡಿಸುತ್ತಿದ್ದೆ. ಹಾಗೆ ನುಡಿಸಿದರೆ ಅದರ ಸದ್ದು ಎದುರಿಗಿದ್ದವರಿಗೂ ಸರಿಯಾಗಿ ಕೇಳುವುದಿಲ್ಲ. ಅಪ್ಪ ಸ್ಕ್ರೂಡ್ರೈವರು ಊರಿಕೊಂಡು ಕೇಳುತ್ತಿದ್ದ. ನಾನು ದೊಡ್ಡ ವಾದಕಿಯಾಗಲಿಲ್ಲ. ಮೋಟಾರು ಸುತ್ತುತ್ತೇನೆ, ದಣಿಯುತ್ತೇನೆ, ಕೂತು ನಾಲ್ಕು ಹಾಡು ನುಡಿಸುತ್ತೇನೆ.

ಏಳು ವರ್ಷ ಹೀಗೆ ಹೋಯಿತು. ಕೊನೆಯ ವರ್ಷ ಅಪ್ಪ ಅಂಗಡಿಗೆ ಬರುವುದು ನಿಂತಿತು, ಆಮೇಲೆ ನಡೆಯುವುದು, ಆಮೇಲೆ ದನಿ. ಸನ್ನೆಗಿಂತ ಸ್ವಲ್ಪ ಹೆಚ್ಚು, ಮಾತಿಗಿಂತ ಕಡಿಮೆ, ಬಾಯಿಯ ಹತ್ತಿರ ಕಿವಿ ಇಟ್ಟರೆ ಮಾತ್ರ ತಿಳಿಯುತ್ತಿತ್ತು. ಎಡಗೈಯೂ ನಡುಗುತ್ತಿತ್ತು. ಆ ದಿನಗಳಲ್ಲಿ ಒಂದು ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಅವನ ಮಂಚದ ಪಕ್ಕ ಕೂತು, ಸ್ಕ್ರೂಡ್ರೈವರಿನ ಹಿಡಿಯನ್ನು ಅವನ ಕಿವಿಯ ಹಿಂದಿನ ಮೂಳೆಗೆ ಆನಿಸಿ, ತುದಿಯನ್ನು ಗಿಟಾರಿಗೆ ಊರಿ, ಒಂದೇ ತಂತಿ ಮೀಟಿದೆ. ಅವನ ಹುಬ್ಬು ಸಡಿಲವಾಯಿತು.

ನನ್ನ ಹೊಟ್ಟೆಯಲ್ಲಿ ಏಳು ವರ್ಷದಿಂದ ಕೂತಿದ್ದದ್ದು ಆಗ ಬಂತು. "ಅಪ್ಪ, ಅವತ್ತು ಊರೋರ ಮೋಟ್ರೆಲ್ಲ ಸುಟ್ಟೆ ಅಂದ್ಬುಟ್ಟೆ. ಕೈ ಇಂಗಾಗಿತ್ತು ಅಂತ ಗೊತ್ತಿರ್ನಿಲ್ಲ ಕಣಪ್ಪ. ಗೊತ್ತಿರ್ನಿಲ್ಲ." ಇನ್ನೂ ಏನೇನೋ ಹೇಳಿದೆ. ಬಸ್ಸಿನ ಮಾತು, ನನ್ನ ಸಿಟ್ಟು, ಆಗಿನ ವಯಸ್ಸು. ನಮ್ಮ ಅಂಗಡಿಗೆ ಬರುವ ರೈತರು ಹೇಳುವ ಹಾಗೆಯೇ, ತಪ್ಪು ನನ್ನದಲ್ಲ ಎನ್ನುವ ಹಾಗೆ ಹೇಳುತ್ತಿದ್ದೇನೆ ಎಂದು ನಡುವೆ ನನಗೇ ಕೇಳಿಸಿತು. ನಿಲ್ಲಿಸಿದೆ. ಅಪ್ಪನ ತುಟಿ ಅಲುಗಿತು. ಬಗ್ಗಿ ಕಿವಿ ಕೊಟ್ಟೆ.

"ಸುಟ್ಟೋದ್ದು ಸುಟ್ಟೋಯ್ತು."

ಬಿಚ್ಚನ ಎನ್ನುವಷ್ಟು ಉಸಿರು ಇರಲಿಲ್ಲ.

ಅದಾಗಿ ಹನ್ನೆರಡು ದಿನಕ್ಕೆ ಅಪ್ಪ ಹೋದ. ನಮ್ಮ ಪದ್ಧತಿಯಂತೆ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟರು. ಬಲಗೈ ತೊಡೆಯ ಮೇಲಿತ್ತು. ಹರದನಹಳ್ಳಿಯವರು, ಕುದೇರಿನವರು ಎಲ್ಲ ಬಂದಿದ್ದರು, ಯಾರೋ ವಚನ ಹೇಳುತ್ತಿದ್ದರು. ನಾನು ಕೈಯನ್ನೇ ನೋಡುತ್ತಿದ್ದೆ. ಅದು ನಿಂತಿತ್ತು. ಎಂಟು ವರ್ಷದಿಂದ ನಿಲ್ಲದ್ದು ನಿಂತಿತ್ತು. ಹತ್ತಿರ ಹೋಗಿ ಆ ತೋರುಬೆರಳನ್ನು ಹಿಡಿದುಕೊಂಡೆ. ನನ್ನ ಹೆಬ್ಬೆರಳಿನ ಉಗುರು ಈಗ ದೊಡ್ಡದು, ಗೀರಿನೊಳಗೆ ಕೂರಲಿಲ್ಲ. ನನ್ನ ತೋರುಬೆರಳಿನಲ್ಲಿ ಅದೇ ಜಾಗದಲ್ಲಿ ಗೀರು ಬಿದ್ದಿರುವುದನ್ನು ಅಪ್ಪ ನೋಡಿದ್ದನೋ ಇಲ್ಲವೋ, ಕೇಳುವುದನ್ನು ಮರೆತಿದ್ದೆ.